ಕ್ಯಾಸೆಟ್ಟುಮಣಿದರ್ಪಣಂ ಅಥವಾ ಮಲ್ಕಾಜ್‌ಗಿರಿಯ ಕಂದು ಶಬ್ದಶಾಸ್ತ್ರ

ಶಾಸ್ತ್ರಗ್ರಂಥದ ಮೊದಲಲ್ಲಿ ಇಷ್ಟದೇವತೆಯ ಸ್ತುತಿ ಇರಬೇಕೆಂಬುದು ಪೂರ್ವಸೂರಿಗಳ ಕಟ್ಟಳೆ. ಈ ಶಾಸ್ತ್ರದಲ್ಲಿ ಮಂಗಳಾಚರಣೆಯೆಂದರೆ ಕರೆಂಟು ಇದೆಯೇ ಎಂದು ನೋಡಿಕೊಳ್ಳುವುದು. ಇದೆ. ಆದ್ದರಿಂದ ಗ್ರಂಥ ಮುಂದುವರಿಯುತ್ತದೆ.

ಶಬ್ದದ ಹುಟ್ಟಿನ ವಿಷಯದಲ್ಲಿ ಕನ್ನಡದಲ್ಲಿ ಖಚಿತವಾಗಿ ಮಾತಾಡಿದವನು ವ್ಯಾಕರಣಕಾರ ಕೇಶಿರಾಜ. ಸುಮಾರು 1260ರ ‘ಶಬ್ದಮಣಿದರ್ಪಣ’ದ ಪ್ರಕಾರ ಜೀವನ ಇಚ್ಛೆಗೆ ಅನುಕೂಲವಾದ ಗಾಳಿ ಹೊಕ್ಕುಳ ಬುಡದಿಂದ ಕಹಳೆಯ ರೀತಿಯಲ್ಲಿ ಎದ್ದು ಶಬ್ದದ್ರವ್ಯ ಹುಟ್ಟುತ್ತದೆ, ಅದರ ಬಣ್ಣ ಬಿಳಿ. ಈ ಮತ ಹೈದರಾಬಾದಿನ ಮಲ್ಕಾಜ್‌ಗಿರಿಯನ್ನು ಮುಟ್ಟುವವರೆಗೆ ಸುಖವಾಗಿತ್ತು. ಆನಂದಬಾಗ್ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಅಟ್ಟದ ಮೇಲಿದ್ದ ಬಿಸ್ಕತ್ತಿನ ತಗಡಿನ ಡಬ್ಬಿಯನ್ನು ಕೆಳಗಿಳಿಸಿ, ಒಂದು ಕ್ಯಾಸೆಟ್ಟಿನ ಕರುಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸಲಾಗಿ, ಶಬ್ದದ್ರವ್ಯದ ಬಣ್ಣ ಕಂದು ಎಂದು ಸಿದ್ಧವಾಯಿತು.

ಕಂದಿಗೆ ಕಾರಣ ಗಾಮಾ ಫೆರಿಕ್ ಆಕ್ಸೈಡು. ಕಬ್ಬಿಣದ್ದೇ ಮಗು, ತುಕ್ಕಿನ ದಾಯಾದಿ. 1928ರಲ್ಲಿ ಜರ್ಮನಿಯ ಫ್ರಿಟ್ಸ್ ಫ್ಲಾಯ್ಮರ್ ಎಂಬಾತ ಕಾಗದದ ಪಟ್ಟಿಗೆ ಕಾಂತಪುಡಿ ಬಳಿದು ಶಬ್ದ ಹಿಡಿಯಬಹುದೆಂದು ತೋರಿಸಿದ. 1963ರಲ್ಲಿ ಫಿಲಿಪ್ಸ್ ಕಂಪನಿಯ ಲೂ ಓಟೆನ್ಸ್ ಮತ್ತು ಸಂಗಡಿಗರು ಆ ಪಟ್ಟಿಯನ್ನು ಅಂಗಿಯ ಜೇಬಿಗೆ ಹಿಡಿಸುವ ಪೆಟ್ಟಿಗೆಯೊಳಗಿಟ್ಟು ಬರ್ಲಿನ್ನಿನ ಪ್ರದರ್ಶನದಲ್ಲಿ ಲೋಕಕ್ಕೆ ತೋರಿಸಿದರು. ಪಟ್ಟಿಯ ಅಗಲ 3.81 ಮಿಲಿಮೀಟರ್. ಅದು ಓಡುವ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್. ಈ ಎರಡು ಅಂಕಿಗಳಿಂದ ಭಾರತೀಯ ಕುಟುಂಬಜೀವನವನ್ನು ಮೊದಲ ಬಾರಿಗೆ ಅಳತೆಪಟ್ಟಿಯಲ್ಲಿ ಅಳೆಯಲು ಸಾಧ್ಯವಾಯಿತು. ಅರ್ಧ ತಾಸಿನ ಹಾಡು ಹತ್ತಿರ ಹತ್ತಿರ 86 ಮೀಟರ್. ಅಜ್ಜಿ ಒಂದು ನಿಮಿಷ ಬೈದರೆ 2.86 ಮೀಟರ್.

ಅಧಿಕಾರಿ ವಿಚಾರ

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಮಲ್ಕಾಜ್‌ಗಿರಿಯಲ್ಲಿ ವಾಸಿಸುವವರೆಲ್ಲ ಎಂದರೆ ಅತಿವ್ಯಾಪ್ತಿದೋಷ ಬರುತ್ತದೆ. ಮತದಾರರ ಸಂಖ್ಯೆಯಲ್ಲಿ ಇದು ದೇಶದ ಅತಿ ದೊಡ್ಡ ಲೋಕಸಭಾ ಕ್ಷೇತ್ರ. 30 ಲಕ್ಷ ದಾಟಿ ಬಹಳ ಕಾಲವಾಯಿತು. ಅಷ್ಟು ಜನಕ್ಕೆ ಡಬ್ಬಿ ಎಲ್ಲಿಂದ ತರೋಣ? ಆದ್ದರಿಂದ ಲಕ್ಷಣ ಹೀಗೆ: ಯಾರ ಮನೆಯ ಅಟ್ಟದಲ್ಲಿ ಕ್ಯಾಸೆಟ್ಟಿನ ಡಬ್ಬಿ ಇದ್ದು, ಅದನ್ನು ಎಸೆಯಲು ಮನೆಯವರು ಪದೇ ಪದೇ ಸೂಚಿಸಿದ್ದರೂ ಇನ್ನೂ ಎಸೆದಿಲ್ಲವೋ ಅವನೇ ಅಧಿಕಾರಿ.

ಇಲ್ಲಿ ಒಂದು ಐತಿಹಾಸಿಕ ಪ್ರಶ್ನೆ. ಕನ್ನಡದ ಕ್ಯಾಸೆಟ್ಟು ಮಲ್ಕಾಜ್‌ಗಿರಿಗೆ ಹೇಗೆ ಬಂತು? ಹೈದರಾಬಾದಿಗೂ ಕನ್ನಡಕ್ಕೂ ನಂಟು ಹಳೆಯದು. 1956ರವರೆಗೆ ಬೀದರ, ಕಲಬುರಗಿ, ರಾಯಚೂರುಗಳಿಗೆ ಇದೇ ರಾಜಧಾನಿ. ಆದರೆ ನಮ್ಮ ಡಬ್ಬಿಯ ವಂಶಾವಳಿ ಬೇರೆ. 1966ರ ಅಕ್ಟೋಬರಿನಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿ ಸಿಕಂದರಾಬಾದು ಅದರ ಕೇಂದ್ರವಾಯಿತು. ಹುಬ್ಬಳ್ಳಿ ವಿಭಾಗ ಅದರ ಕೆಳಗೇ ಇತ್ತು. 2003ರಲ್ಲಿ ಹುಬ್ಬಳ್ಳಿಯಲ್ಲೇ ನೈರುತ್ಯ ರೈಲ್ವೆ ಶುರುವಾಗುವವರೆಗೆ ಹುಬ್ಬಳ್ಳಿಯ ಗುಮಾಸ್ತ, ಗಾರ್ಡು, ಅಕೌಂಟ್ಸಿನವರಿಗೆ ‘ಹೆಡ್ಡಾಫೀಸು’ ಎಂದರೆ ಸಿಕಂದರಾಬಾದು. ಬಡ್ತಿ ಎಂದರೆ ವರ್ಗ. ವರ್ಗ ಎಂದರೆ ಮೌಲಾಲಿ, ಲಾಲಾಗುಡ, ಸಫಿಲ್‌ಗುಡ, ಮಲ್ಕಾಜ್‌ಗಿರಿ. ಬಂದವರು ರೊಟ್ಟಿ ಹಂಚು, ಬೀಸುವ ಕಲ್ಲು, ರೇಡಿಯೋ-ಟೇಪು ಕೂಡಿದ ಒಂದು ಟೂ-ಇನ್-ವನ್ನು ತಂದರು. ಬೀಸುವ ಕಲ್ಲು ಮೂರನೆಯ ಮಹಡಿಗೆ ಏರಲಿಲ್ಲ. ಉಳಿದೆರಡು ಏರಿದವು.

ಡಬ್ಬಿಯಲ್ಲಿರುವುದೇನು? ಒಂದು ಪದರ ಅಂಗಡಿಯ ಸರಕು: ಭೀಮಸೇನ ಜೋಶಿಯವರ ದಾಸವಾಣಿ, ಮಾಸ್ಟರ್ ಹಿರಣ್ಣಯ್ಯನವರ ನಾಟಕ, 1978ರಲ್ಲಿ ಬಂದ ನಿಸಾರ್ ಅಹಮದರ ಗೀತೆಗಳ ‘ನಿತ್ಯೋತ್ಸವ’. ಅದರ ಕೆಳಗಿನ ಪದರ ಮನೆಯ ಸರಕು: ಧಾರವಾಡ ಆಕಾಶವಾಣಿಯಿಂದ ಕದ್ದು ತುಂಬಿಕೊಂಡ ನಾಟಕ, ಸಿದ್ಧಾರೂಢ ಮಠದ ಭಜನೆ, ತಂಗಿಯ ಮದುವೆಯಲ್ಲಿ ಬೀಗರ ಮೇಲೆ ಹಾಡಿದ ಪದ. ಇನ್ನು ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಕುಳಿತು ಹಿಡಿದ ಒಂದು ಉಪನ್ಯಾಸ. ಇದರಲ್ಲಿ ಉಪನ್ಯಾಸಕ್ಕಿಂತ ಮುಂದಿನ ಸಾಲಿನವರ ಕೆಮ್ಮು ಸ್ಪಷ್ಟವಾಗಿದೆ. ಕೆಮ್ಮಿದವರು ಮೈಕಿಗೆ ಹತ್ತಿರವಿದ್ದರು.

ಪೂರ್ವಪಕ್ಷವನ್ನು ಈ ಮನೆಯಲ್ಲಿ ಸೊಸೆ ಮಂಡಿಸಿದಳು.

“ಮಾವಾರ, ಇದೆಲ್ಲಾ ಯೂಟ್ಯೂಬಿನಾಗ ಐತ್ರಿ. ಸುಮ್ನ ಯಾಕ ಆ ಧೂಳಾಗ ಕೈ ಹಾಕ್ತೀರಿ?”

ಮನೆಯ ಯಜಮಾನರ ಸಿದ್ಧಾಂತ ಎರಡೇ ವಾಕ್ಯದಲ್ಲಿ ಬಂತು.

“ಭೀಮಸೇನ ಜೋಶಿ ಯೂಟ್ಯೂಬಿನಾಗ ಅದಾರವಾ. ನಮ್ಮವ್ವ ಎಲ್ಲಿದಾಳ?”

ನ್ಯಾಯಶಾಸ್ತ್ರದ ಯಾವ ಹೇತ್ವಾಭಾಸವನ್ನೂ ಈ ಉತ್ತರದ ಮೇಲೆ ಹೊರಿಸಲು ಆಗಲಿಲ್ಲ. ಪೂರ್ವಪಕ್ಷಿ ಒಳಗೆ ಹೋಗಿ ಡಬ್ಬಿ ಒರೆಸಲು ಒಂದು ಹಳೆಯ ಬನಿಯನ್ ತಂದುಕೊಟ್ಟಳು.

ಕೇಶಿರಾಜನ ಗ್ರಂಥದಲ್ಲಿ ಎಂಟು ಪ್ರಕರಣಗಳಿವೆ. ಇಲ್ಲಿ ನಾಲ್ಕನ್ನು ಮಾತ್ರ ಎತ್ತಿಕೊಂಡಿದೆ. ಲ್ಯಾಪ್‌ಟಾಪಿನಲ್ಲಿ ಅಷ್ಟು ಕಿಂಡಿಗಳಿಲ್ಲ.

ಅವ್ಯಯಪ್ರಕರಣ

ಖರ್ಚಿಲ್ಲದೆ ನಡೆಯುವ ಭಾಗವನ್ನು ಮೊದಲು ಹೇಳುವುದು ಮಧ್ಯಮವರ್ಗದ ಸಂಪ್ರದಾಯ.

ಕ್ಯಾಸೆಟ್ಟಿನ ಶಬ್ದವನ್ನು ಡಿಜಿಟಲ್ ಕಡತವಾಗಿ ಇಳಿಸಿಕೊಳ್ಳುವ ಪಂಥಗಳು ಮೂರು. ಅತ್ಯಂತ ಅಗ್ಗದ್ದು ಮೊಬೈಲ್ ಪಂಥ. ಟೂ-ಇನ್-ವನ್ನಿನ ಎದುರು ಫೋನನ್ನು ಮಲಗಿಸಿ ವಾಯ್ಸ್ ರೆಕಾರ್ಡರ್ ಒತ್ತಿ, ಮನೆಯವರಿಗೆಲ್ಲ ಮೌನ ವಿಧಿಸುವುದು. ಮೌನ ಕುಕ್ಕರಿಗೆ ಅನ್ವಯಿಸದು. ಹೀಗಾಗಿ 1980ರ ದಶಕದ ಹುಬ್ಬಳ್ಳಿಯ ಕುಕ್ಕರಿನ ಸೀಟಿಯ ಮೇಲೆ ಇಂದಿನ ಮಲ್ಕಾಜ್‌ಗಿರಿಯ ಕುಕ್ಕರಿನ ಸೀಟಿ ಕೂರುತ್ತದೆ. ಹುಬ್ಬಳ್ಳಿಯ ಮೀಟರ್ ಗೇಜಿನ ಉಗಿಬಂಡಿಯ ಕೂಗಿನ ಮೇಲೆ ಮೇಡ್ಚಲ್ ಕಡೆಗೆ ಹೊರಟ ಎಂಎಂಟಿಎಸ್ ಲೋಕಲ್ ರೈಲಿನ ಹಾರ್ನು. ಮುಂದಿನ ಶತಮಾನದ ಪುರಾತತ್ತ್ವಜ್ಞರು ಈ ಎರಡು ಪದರಗಳನ್ನು ಬಿಡಿಸಲಾರದೆ, ದಕ್ಷಿಣ ಭಾರತದಲ್ಲಿ ಉಗಿಬಂಡಿ ಮತ್ತು ವಿದ್ಯುತ್ ರೈಲು ಒಂದೇ ಅಡುಗೆಮನೆಯ ಮೂಲಕ ಹಾದುಹೋಗುತ್ತಿದ್ದವು ಎಂದು ಬರೆಯುವರು. ಈ ಪಂಥವನ್ನು ನಾವು ಖಂಡಿಸುತ್ತೇವೆ.

ಎರಡನೆಯದು ಡಬ್ಬಾ ಪಂಥ. ವಾಕ್‌ಮನ್ನಿನ ಆಕಾರದ, ಯುಎಸ್‌ಬಿ ಬಾಲವಿರುವ ಪ್ಲಾಸ್ಟಿಕ್ ಯಂತ್ರ ಆನ್‌ಲೈನಿನಲ್ಲಿ 1,500 ರೂಪಾಯಿಯ ಆಸುಪಾಸಿಗೆ ಸಿಗುತ್ತದೆ. ಮೇಲೆ ಬರೆದ ಹೆಸರು ಯಾವುದಾದರೂ ಇರಲಿ, ಒಳಗಿನ ಗಾಲಿಗೊಂಚಲು ಬಹುಪಾಲು ಒಂದೇ: ಜಪಾನಿನ ತನಾಶಿನ್ ಎಂಬ ಕಂಪನಿ ಒಂದು ಕಾಲದಲ್ಲಿ ರೂಪಿಸಿದ ಸರಳ ವಿನ್ಯಾಸದ ನಕಲು. ಅದರಲ್ಲಿ ಭಾರದ ಲೋಹಚಕ್ರಕ್ಕೆ ಬದಲು ಹಗುರದ ಚಕ್ರ. ಆದ್ದರಿಂದ ನಿಂತ ಸ್ವರ ನಿಲ್ಲುವುದಿಲ್ಲ, ಅಲುಗಾಡುತ್ತದೆ. ಭಾಷಣಕ್ಕೆ ಅಡ್ಡಿಯಿಲ್ಲ. ಸಂಗೀತಕ್ಕೆ ಹಾಕಿದರೆ ಗಾಯಕರು ಎಲ್ಲ ಸ್ವರಕ್ಕೂ ಗಮಕ ಕೊಡುವರು, ಷಡ್ಜಕ್ಕೂ ಸಹ.

ಮೂರನೆಯದು ಕಡ್ಡಿ ಪಂಥ, ಮತ್ತು ಇದೇ ನಮ್ಮ ಮತ. ಮನೆಯಲ್ಲಿರುವ ಹಳೆಯ ಭಾರದ ಟೇಪ್‌ರೆಕಾರ್ಡರನ್ನೇ ಬದುಕಿಸಿ, ಒಂದು ವಯರು ಮತ್ತು ಯುಎಸ್‌ಬಿ ಸೌಂಡ್‌ಕಾರ್ಡಿನ ಕಡ್ಡಿಯಿಂದ ಕಂಪ್ಯೂಟರಿಗೆ ಜೋಡಿಸುವುದು. ಬದುಕಿಸಲು ಬೇಕಾದದ್ದು ಒಂದು ರಬ್ಬರ್ ಬೆಲ್ಟು. ಹಳೆಯದು ಕರಗಿ ಡಾಂಬರಾಗಿರುತ್ತದೆ. ಬೆಲ್ಟಿಗಾಗಿ ಕೋಠಿಯ ಗುಜರಾತಿ ಗಲ್ಲಿಗೆ ಹೋಗಬೇಕು. ಅಲ್ಲಿ ಜಿಜ್ಞಾಸುವಿಗೆ ಮೊದಲ ಪರೀಕ್ಷೆ.

“ಕ್ಯಾಸೆಟ್ ಕಾಯ್ಕು ಸಾಬ್? ಪೆನ್‌ಡ್ರೈವ್ ಲೇಲೇವ್ ನಾ, ಪುರಾನೇ ಗಾನೇ ಪೂರೇ ಭರ್‌ಕೇ ದೇತೌಂ.”

ಮೂರು ಅಂಗಡಿಗಳಲ್ಲಿ ಈ ಮಾಯಾವಾದವನ್ನು ಗೆದ್ದವನಿಗೆ ನಾಲ್ಕನೆಯದರಲ್ಲಿ ಬೆಲ್ಟು ಸಿಗುತ್ತದೆ. ಅಲ್ಲೂ ಅದು ರಬ್ಬರ್ ಬ್ಯಾಂಡಿನ ಗಂಟಿನೊಳಗಿಂದ ಅಂದಾಜಿನಲ್ಲಿ ಎಳೆದುಕೊಟ್ಟದ್ದು.

ಹೆಡ್ಡು ಒರೆಸುವ ದ್ರವದ ಬಗ್ಗೆ ಮತಭೇದವಿದೆ. ಅತ್ತರು, ಕೊಬ್ಬರಿಯೆಣ್ಣೆ, ಉಗುರುಬಣ್ಣ ಅಳಿಸುವ ದ್ರವ ಎಂಬ ಮೂರು ಪರಂಪರೆಗಳು ರೂಢಿಯಲ್ಲಿವೆ. ಮೊದಲನೆಯದರಿಂದ ಕ್ಯಾಸೆಟ್ಟು ಘಮಘಮಿಸುತ್ತದೆ, ಎರಡನೆಯದರಿಂದ ಜಾರುತ್ತದೆ, ಮೂರನೆಯದರಿಂದ ಪ್ಲಾಸ್ಟಿಕ್ಕು ಮೆತ್ತಗಾಗುತ್ತದೆ. ಮೆಡಿಕಲ್ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲು ಮತ್ತು ಕಿವಿ ಒರೆಸುವ ಹತ್ತಿಕಡ್ಡಿ ಸಾಕು. ಸಡಿಲವಾದ ಸುರುಳಿ ಬಿಗಿಮಾಡಲು ಪೆನ್ಸಿಲು: ಕ್ಯಾಸೆಟ್ಟಿನ ಗಾಲಿಗೆ ಆರು ಹಲ್ಲು, ಪೆನ್ಸಿಲಿಗೆ ಆರು ಮೂಲೆ. ಷಡ್ದರ್ಶನಗಳು ಆರೇ ಏಕೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿರಬಹುದು. ಅದನ್ನು ಬೇರೆಯವರು ನೋಡಿಕೊಳ್ಳಲಿ.

ಸಂಧಿಪ್ರಕರಣ

ಎರಡು ಯಂತ್ರಗಳು ಕೂಡುವಲ್ಲಿ ಲೋಪ, ಆಗಮ, ಆದೇಶಗಳು ಆಗುತ್ತವೆ. ಎಂಟನೆಯ ತರಗತಿಯಲ್ಲಿ ಇದನ್ನು ಬಾಯಿಪಾಠ ಮಾಡಿಸಿದ ಮೇಷ್ಟ್ರಿಗೆ ತಾವು ಹೇಳುತ್ತಿದ್ದುದು ವಯರಿನ ವಿಷಯವೆಂದು ಗೊತ್ತಿರಲಾರದು.

ಲೋಪಸಂಧಿ: ಇನ್ನೂರು ಮುನ್ನೂರು ರೂಪಾಯಿಯ ಯುಎಸ್‌ಬಿ ಕಡ್ಡಿಗೆ ಸಾಮಾನ್ಯವಾಗಿ ಎರಡು ತೂತುಗಳು, ಹಸಿರು ಮತ್ತು ಗುಲಾಬಿ. ಹಸಿರು ಹೊರಹೋಗುವ ದಾರಿ. ಒಳಬರುವ ಗುಲಾಬಿ ಮೈಕಿಗೆಂದು ಮಾಡಿದ್ದು. ಬಹುಪಾಲು ಅದಕ್ಕೆ ಒಂದೇ ಕಿವಿ. ಎಡ ಬಲ ಎರಡು ಹರಿವನ್ನು ಅದರೊಳಗೆ ಹಾಯಿಸಿದರೆ ಒಂದು ಲೋಪವಾಗುತ್ತದೆ. ಯುಗಳಗೀತೆಯಲ್ಲಿ ನಾಯಕಿ ಪ್ರಶ್ನೆ ಕೇಳುತ್ತಾಳೆ, ನಾಯಕ ಉತ್ತರಿಸುವುದಿಲ್ಲ. ಮೈಕಿನ ತೂತಿಗೆ ಬೇಕಾದದ್ದು ಅತಿ ಸಣ್ಣ ಸಂಕೇತ. ಹೆಡ್‌ಫೋನಿನಿಂದ ಬರುವುದು ಅದರ ಹತ್ತಾರು ಪಟ್ಟು. ಪರಿಹಾರ ಅಟ್ಟದಲ್ಲೇ ಇದೆ: ಮಗನ ಕಾಲೇಜು ದಿನಗಳ ಹಳೆಯ ಡೆಸ್ಕ್‌ಟಾಪಿನ ಬೆನ್ನಲ್ಲಿ ನೀಲಿ ತೂತೊಂದಿದೆ. ಅದು ‘ಲೈನ್ ಇನ್’, ಎರಡು ಕಿವಿಯದು, ಈ ಕೆಲಸಕ್ಕೆಂದೇ ಇರುವುದು. ಇಂದಿನ ತೆಳು ಲ್ಯಾಪ್‌ಟಾಪುಗಳಲ್ಲಿ ಅದು ಮಾಯವಾಗಿದೆ. ಹೊಸದು ಕೊಂಡವನು ಕಡ್ಡಿ ಹುಡುಕುತ್ತಾನೆ, ಹಳೆಯದನ್ನು ಗುಜರಿಗೆ ಹಾಕದವನು ಗೆಲ್ಲುತ್ತಾನೆ.

ಆಗಮಸಂಧಿ: ಎರಡೂ ಯಂತ್ರಗಳನ್ನು ಗೋಡೆಯ ಪ್ಲಗ್ಗಿಗೆ ಹಾಕಿದಾಗ ಯಾರೂ ಕರೆಯದೆ ‘ಮ್ಮ್’ ಎಂಬ 50 ಹರ್ಟ್ಸಿನ ಗುಂಯ್ಗಾರ ಬಂದು ಸೇರುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿದರೆ ಬಹುತೇಕ ಹೋಗುತ್ತದೆ. ಇದು ತಿಳಿಯುವ ಮುನ್ನ ಜನ ಸಾವಿರಾರು ರೂಪಾಯಿಯ ಫಿಲ್ಟರು ಕೊಳ್ಳುತ್ತಾರೆ.

ಆದೇಶಸಂಧಿ: ಕನ್ನಡದಲ್ಲಿ ಕತಪಗಳಿಗೆ ಗದಬಗಳು ಬರುವಂತೆ, ವಾಲ್ಯೂಮು ಮೀರಿದಲ್ಲಿ ತಬಲದ ‘ಧಾ’ಕ್ಕೆ ‘ಟರ್’ ಆದೇಶವಾಗಿ ಬರುತ್ತದೆ. ತೆರೆಯ ಮೇಲಿನ ಪಟ್ಟಿ ಕೆಂಪು ಮುಟ್ಟಿತೆಂದರೆ ಧಾ ಹೋಯಿತು. ಯಾವ ಸಾಫ್ಟ್‌ವೇರೂ ಅದನ್ನು ತಿರುಗಿ ತರದು. ಅತಿ ಜೋರಾದ ಜಾಗವೂ ಸೊನ್ನೆಗಿಂತ ಆರು ಡೆಸಿಬೆಲ್ ಕೆಳಗೆ ಇರಲಿ. ಹೀಗೆ ಕೆಳಗಿಟ್ಟರೆ ಗುಣಮಟ್ಟ ಕೆಡುವುದಿಲ್ಲವೇ ಎಂದು ಶಂಕೆ. ಕೆಡದು. 16 ಬಿಟ್ಟಿನ ಅಗ್ಗದ ಕಡ್ಡಿಯೂ ಮೆಲುದನಿಗೂ ಏರುದನಿಗೂ ನಡುವೆ 96 ಡೆಸಿಬೆಲ್ ಅಂತರ ಹಿಡಿಯಬಲ್ಲದು. ಮನೆಯಲ್ಲಿ ತುಂಬಿದ ಕ್ಯಾಸೆಟ್ಟಿನಲ್ಲಿ ಇರುವುದು ಸುಮಾರು 50. ಕೊಡ ದೊಡ್ಡದು, ನೀರು ಕಡಿಮೆ.

ಈ ಅಂಕಿಯೇ ನಮ್ಮ ಶಾಸ್ತ್ರದ ಬೆನ್ನೆಲುಬು. ಧ್ವನಿಭಂಡಾರಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ತನ್ನ ಮಾರ್ಗಸೂಚಿಯಲ್ಲಿ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಎಂದು ವಿಧಿಸಿ, 96 ಕಿಲೋಹರ್ಟ್ಸ್ ಆದರೆ ಒಳ್ಳೆಯದು ಎನ್ನುತ್ತದೆ. ಭಂಡಾರದವರಿಗೆ ಅದು ಸರಿ; ಅವರಲ್ಲಿ ಎಂಥೆಂಥ ಮೂಲಗಳಿವೆಯೋ. ಮಲ್ಕಾಜ್‌ಗಿರಿ ಪೀಠ 44.1 ಕಿಲೋಹರ್ಟ್ಸ್, 16 ಬಿಟ್ ಸಾಕೆಂದು ತೀರ್ಪಿತ್ತಿದೆ. ಅದು 22 ಕಿಲೋಹರ್ಟ್ಸ್‌ವರೆಗಿನ ಸ್ವರ ಹಿಡಿಯುತ್ತದೆ. ಟೂ-ಇನ್-ವನ್ನಿನ ಒಳಮೈಕು ಅದರ ಅರ್ಧವನ್ನೂ ಕೇಳಿರಲಿಲ್ಲ, ಯಜಮಾನರ ಕಿವಿ ಈಗ ಅಷ್ಟನ್ನೂ ಕೇಳದು. ಸಿ-60 ಕ್ಯಾಸೆಟ್ಟಿಗೆ ಹಿಡಿಸುವ ಜಾಗ ಸುಮಾರು 635 ಎಂಬಿ. 64 ಜಿಬಿಯ ಪೆನ್‌ಡ್ರೈವಿನಲ್ಲಿ ನೂರು ಕ್ಯಾಸೆಟ್ಟು. ಹಣದ ಪ್ರಶ್ನೆ ಇಲ್ಲಿಗೆ ಮುಗಿಯಿತು.

ಸಮಯದ ಪ್ರಶ್ನೆ ಮಾತ್ರ ಮುಗಿಯುವುದಿಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟು ಕಂಪ್ಯೂಟರಿಗೆ ಇಳಿಯಲು ಅರವತ್ತು ನಿಮಿಷವೇ ಬೇಕು. ಇದನ್ನು ಕೇಳಿ ಇಂಜಿನಿಯರಿಂಗ್ ಓದುವ ಮೊಮ್ಮಗ ಹೌಹಾರಿದ.

“ಅಜ್ಜಾ, ಸ್ಪೀಡ್ ಹೆಚ್ಚು ಮಾಡಾಕ ಬರಂಗಿಲ್ಲೇನು?”

“ಮದುವಿ ಒಂದ ದಿನದಾಗ ಮುಗಿಸಾಕ ಬರತದೇನೋ ಅಂತ ನಾನೂ ಕೇಳಿದ್ದೆ. ನಮ್ಮಪ್ಪ ಬೈದಿದ್ದ. ಕೂಡ ಸುಮ್ನ.”

ನಾಮಪ್ರಕರಣ

ಕ್ಯಾಸೆಟ್ಟಿನ ಮೈಮೇಲಿನ ಚೀಟಿ ಸತ್ಯವನ್ನು ಹೇಳುತ್ತದೆ ಎಂಬುದು ಅನುಭವಕ್ಕೆ ವಿರುದ್ಧ. ಒಂದು ಕ್ಯಾಸೆಟ್ಟಿನ ಶಾಸನಪಾಠ ಹೀಗಿದೆ: ಮೊದಲು ‘ಭಜನಿ’, ಅದರ ಮೇಲೆ ಗೆರೆ, ‘ಮೊಘಲ್-ಎ-ಆಜಮ್’, ಅದರ ಮೇಲೂ ಗೆರೆ, ‘ಇಂಗ್ಲಿಷ್ ಗ್ರಾಮರ್’, ಎರಡು ಗೆರೆ, ಕೊನೆಗೆ ಕೆಂಪು ಶಾಯಿಯಲ್ಲಿ ‘ಖಾಲಿ’. ಖಾಲಿ ಎಂದು ಬರೆದದ್ದನ್ನು ಮೊದಲು ಹಾಕಬೇಕೆಂಬುದು ನಮ್ಮ ವಿಧಿ. ಮೇಲಿನದು ಮುಗಿದ ಜಾಗದಿಂದ ಕೆಳಗಿನದು ತಲೆಯೆತ್ತುತ್ತದೆ: ವ್ಯಾಕರಣ ಪಾಠ ಭೂತಕಾಲದ ಮಧ್ಯದಲ್ಲಿ ತಟ್ಟನೆ ನಿಂತು, ಅನಾರ್ಕಲಿ ಎರಡು ಸಾಲು ಮಾತಾಡಿ, ಆಮೇಲೆ ಕೊನೆಯ ಮೂರು ನಿಮಿಷ ತಾಳ ಭಜನೆ. ಆ ಮೂರು ನಿಮಿಷದಲ್ಲೇ ಯಜಮಾನರ ಅಣ್ಣನ ದನಿ ಸಿಕ್ಕಿತು.

ರೂಢನಾಮ, ಅಂಕಿತನಾಮ, ಅನ್ವರ್ಥನಾಮಗಳ ಭೇದ ಕಂಪ್ಯೂಟರಿಗೆ ತಿಳಿಯದು. ಅದು ಎಲ್ಲಕ್ಕೂ ‘ನ್ಯೂ ರೆಕಾರ್ಡಿಂಗ್ 14’ ಎಂದೇ ಹೆಸರಿಡುತ್ತದೆ. ಇದಕ್ಕೆ ಬಿಟ್ಟರೆ ಡಬ್ಬಿಯ ಕತ್ತಲೆ ಪೆನ್‌ಡ್ರೈವಿಗೆ ವರ್ಗವಾಗುತ್ತದೆ, ಬಡ್ತಿಯಿಲ್ಲದೆ. ವರ್ಷ, ಊರು, ಯಾರ ದನಿ, ಯಾವ ಮಗ್ಗುಲು: ಇಷ್ಟು ಇರುವ ಹೆಸರು ಅನ್ವರ್ಥ. ಹೆಸರಿಡುವ ಕೆಲಸವನ್ನು ಆ ದನಿಯನ್ನು ಗುರುತು ಹಿಡಿಯಬಲ್ಲ ಮನುಷ್ಯ ಇರುವಾಗಲೇ ಮಾಡಬೇಕು. ‘ಇಕೀ ಯಾರಂದಿ?’ ಎಂದು ಕೇಳಿದರೆ ಉತ್ತರ ಬರುವುದು ಈ ದಶಕದಲ್ಲಿ ಮಾತ್ರ.

ಅಪಭ್ರಂಶಪ್ರಕರಣ

ಕೆಟ್ಟದ್ದು ಯಾವುದು, ಕೆಟ್ಟಂತೆ ಕೇಳುವುದು ಯಾವುದು? ಶಾಸ್ತ್ರದ ಕಠಿಣ ಭಾಗ ಇದೇ.

ಮೊದಲು ಶ ಷ ಸ. ಟೇಪಿಗೆ ಹೆಡ್ಡು ನೇರ ಲಂಬವಾಗಿ ನಿಲ್ಲಬೇಕು. ಕೂದಲೆಳೆಯಷ್ಟು ಓರೆಯಾದರೂ ಎತ್ತರದ ಸ್ವರಗಳು ಮೊದಲು ಹೋಗುತ್ತವೆ, ಅವುಗಳ ಜತೆ ಊಷ್ಮಾಕ್ಷರಗಳು. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗಿನ ಮೇಲೆ ಕುಳಿತ ಸಣ್ಣ ಸ್ಕ್ರೂ ಒಂದಿದೆ. ಅದನ್ನು ಕಾಲು ಸುತ್ತು ಆಚೆ ಈಚೆ ತಿರುಗಿಸುತ್ತ, ‘ಸ’ ಅತಿ ಚೂಪಾಗಿ ಕೇಳುವಲ್ಲಿ ನಿಲ್ಲಿಸಬೇಕು. ತುಂಬಿದ ಯಂತ್ರ ಬೇರೆ ಬೇರೆಯಾದ್ದರಿಂದ ಕ್ಯಾಸೆಟ್ಟು ಬದಲಾದಾಗಲೆಲ್ಲ ಮತ್ತೆ ತಿರುಗಿಸಬೇಕು. ಇಲ್ಲಿ ಕನ್ನಡಿಗರಿಗೆ ಬರುವ ಒಂದು ತೊಡಕು: ‘ಶಂಕರ’ ಎಂಬುದು ‘ಸಂಕರ’ ಎಂದು ಕೇಳಿದರೆ ತಪ್ಪು ಹೆಡ್ಡಿನದೋ ಹಾಡಿದವರದೋ? ಸ್ಕ್ರೂ ತಿರುಗಿಸಿ ಉಚ್ಚಾರ ತಿದ್ದಲು ಹೊರಟ ಶುದ್ಧಿವಾದಿಗಳ ಕ್ಯಾಸೆಟ್ಟುಗಳು ಹರಿದುಹೋಗಿವೆ.

ವೇಗ ಇನ್ನೊಂದು. ಮೋಟರಿನ ಹಿಂಭಾಗದ ಸಣ್ಣ ರಂಧ್ರದೊಳಗೆ ವೇಗ ತಿದ್ದುವ ಸ್ಕ್ರೂ ಇರುತ್ತದೆ. ವೇಗ ಹೆಚ್ಚಿದ್ದರೆ ಭೀಮಸೇನ ಜೋಶಿಯವರು ಮೀಸೆ ಬಾರದ ಹುಡುಗನಾಗುವರು. ಕಡಿಮೆಯಿದ್ದರೆ ಹೆಣ್ಣುದನಿ ಗಂಡುದನಿಯಾಗುವುದು. ಈ ಪರೀಕ್ಷೆಯನ್ನು ಗಂಗೂಬಾಯಿ ಹಾನಗಲ್ಲರ ಕ್ಯಾಸೆಟ್ಟಿನ ಮೇಲೆ ನಡೆಸಕೂಡದು. ಆ ಗಂಭೀರ ಕಂಠವನ್ನು ‘ಸರಿಪಡಿಸಲು’ ಸ್ಕ್ರೂ ಡ್ರೈವರ್ ಎತ್ತಿದವನಿಗೆ ಹುಬ್ಬಳ್ಳಿಯಲ್ಲಿ ಪ್ರಾಯಶ್ಚಿತ್ತವಿಲ್ಲ.

ಹಾಗಾದರೆ ಪ್ರಮಾಣ ಯಾವುದು? ಇಲ್ಲಿ ನಮ್ಮ ಶಾಸ್ತ್ರದ ಅತ್ಯಂತ ಹೆಮ್ಮೆಯ ಸಂಗತಿ. ಪ್ಲಗ್ಗಿಗೆ ಹಾಕಿ ರೆಕಾರ್ಡು ಮಾಡಿದ ಕ್ಯಾಸೆಟ್ಟಿನಲ್ಲಿ ಅಂದಿನ ಕರೆಂಟಿನ ಗುಂಯ್ಗಾರವೂ ಸೇರಿಕೊಂಡಿರುತ್ತದೆ. ಅದು 50 ಹರ್ಟ್ಸು ಎಂದು ತಿಳಿದಿರುವುದರಿಂದ, ಕಂಪ್ಯೂಟರಿನಲ್ಲಿ ಅಳೆದು 52 ಬಂದರೆ ಯಂತ್ರ ಅಷ್ಟು ವೇಗವಾಗಿದೆ ಎಂದು ಲೆಕ್ಕ. ದೋಷವೇ ಪ್ರಮಾಣವಾಯಿತು. ಆದರೆ ವ್ಯಾಖ್ಯಾನಕಾರರು ಕೂಡಲೇ ಅಡ್ಡಿ ತೆಗೆಯುತ್ತಾರೆ: 2003ರ ಜನವರಿಯಲ್ಲಿ ದಕ್ಷಿಣ ಗ್ರಿಡ್ಡಿಗೆ ಹೊಸ ದರಪದ್ಧತಿ ಬರುವ ಮೊದಲು, ವಿದ್ಯುತ್ತಿನ ಅಭಾವದಲ್ಲಿ ಆವರ್ತನ 49ರ ಕೆಳಗೆ, 48ರ ಹತ್ತಿರಕ್ಕೆ ಇಳಿಯುವುದು ಮಾಮೂಲಾಗಿತ್ತು. ಅಂಥ ಸಂಜೆ ಹಾಡಿದ್ದನ್ನು 50 ಎಂದು ಬಗೆದು ತಿದ್ದಿದರೆ ಶ್ರುತಿ ಅರ್ಧಸ್ವರದ ಸುಮಾರು ಮೂರರಲ್ಲಿ ಎರಡು ಪಾಲು ಮೇಲೇರುತ್ತದೆ. ಅಂದರೆ ಅಜ್ಜಿ ಯಾವ ಶ್ರುತಿಯಲ್ಲಿ ಹಾಡಿದಳು ಎಂಬುದು ಅಂದು ರೈತರ ಪಂಪ್‌ಸೆಟ್ಟುಗಳು ಎಷ್ಟು ಓಡುತ್ತಿದ್ದವು ಎಂಬುದನ್ನು ಅವಲಂಬಿಸಿದೆ. ನಾಲ್ಕು ಸೆಲ್ಲು ಹಾಕಿ ರೆಕಾರ್ಡು ಮಾಡಿದ್ದರೆ ಈ ಪ್ರಮಾಣವೂ ಇಲ್ಲ, ಜ್ಞಾಪಕವೇ ಗತಿ.

ಕೊನೆಯದಾಗಿ ಗದ್ದಲ. ಆಡಾಸಿಟಿ ಎಂಬ ತಂತ್ರಾಂಶ 2000ದಿಂದ ಪುಕ್ಕಟೆಯಾಗಿ ಸಿಗುತ್ತಿದೆ. ಈ ಶಾಸ್ತ್ರಕ್ಕೆ ಬೇಕಾದುದೆಲ್ಲ ಅದರಲ್ಲಿದೆ. ಬೇಡವಾದುದೂ ಒಂದಿದೆ, ‘ನಾಯ್ಸ್ ರಿಡಕ್ಷನ್’. ಹಾಡು ಶುರುವಾಗುವ ಮೊದಲಿನ ಖಾಲಿ ಜಾಗವನ್ನು ಅದಕ್ಕೆ ತೋರಿಸಬೇಕು. ಅಲ್ಲಿ ಏನು ಸದ್ದಿದೆಯೋ ಅದನ್ನೆಲ್ಲ ಗದ್ದಲವೆಂದು ನಂಬಿ, ಇಡೀ ಕ್ಯಾಸೆಟ್ಟಿನಿಂದ ಅದನ್ನು ಕಳೆಯುತ್ತದೆ. ತಂಬೂರಿಯಿಂದ ಶುರುವಾಗುವ ಕಛೇರಿಗೆ ಇದನ್ನು ಪ್ರಯೋಗಿಸಿದರೆ ತಂಬೂರಿಯೇ ಗದ್ದಲ. ಗಾಯಕರು ಶ್ರುತಿಯಿಲ್ಲದೆ ನೀರಿನೊಳಗಿಂದ ಹಾಡುವರು.

ಮೊಮ್ಮಗ ಮುತ್ತಜ್ಜಿಯ ಪದದ ಮೇಲೆ ಇದನ್ನೇ ಪ್ರಯೋಗಿಸಿದ. ಕುಶಲಿ ಹುಡುಗ, ಮೊದಲ ಎಂಟು ಸೆಕೆಂಡಿನ ‘ಗರ್ರ್’ ಎಂಬುದನ್ನು ಯಂತ್ರಕ್ಕೆ ತೋರಿಸಿದ, ಒತ್ತಿದ, ಗರ್ರ್ ಹೋಯಿತು. ನಿಚ್ಚಳವಾದ ಒಂಟಿ ದನಿ ಉಳಿಯಿತು. ಯಜಮಾನರು ಕೇಳಿದರು, ದನಿ ತಾಯಿಯದೇ, ಆದರೆ ಏನೋ ಒಗ್ಗುತ್ತಿಲ್ಲ. ಸಾಲಿನ ನಡುವೆ ಸುಮ್ಮಸುಮ್ಮನೆ ನಿಲ್ಲುತ್ತಾಳೆ, ಒಂದು ಕಡೆ ಉಸಿರು ಎಳೆಯುತ್ತಾಳೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪೂರ್ವಪಕ್ಷಿ ಹೇಳಿದಳು:

“ಮಾವಾರ, ಅದು ಬೀಸೂ ಕಲ್ರಿ. ಕಲ್ಲ ತಗದ ಒಗದಾನ ಇಂವ. ಅಜ್ಜಿ ಜ್ವಾಳಾ ಹಾಕಾಕ ನಿಂತಾಳ, ಹಾಡ ಬಿಟ್ಟಿಲ್ಲ.”

ಇದಕ್ಕೆ ಸಮನಾದ ವ್ಯಾಖ್ಯಾನ ಯಾವ ಕೈಪಿಡಿಯಲ್ಲೂ ಇಲ್ಲ. ಬೀಸುವ ಪದದಲ್ಲಿ ಕಲ್ಲು ಪಕ್ಕವಾದ್ಯವಲ್ಲ. ಹಾಡನ್ನು ಎಳೆದೊಯ್ಯುವುದೇ ಅದು. ಕಲ್ಲು ಸುತ್ತುವ ಓಟಕ್ಕೆ ತಕ್ಕ ಹಾಗೆ ಸಾಲು. ಒಂದೇ ಸಮನೆ ಕೇಳುವ ಸದ್ದನ್ನೆಲ್ಲ ಗದ್ದಲವೆನ್ನುವ ತಂತ್ರಾಂಶಕ್ಕೆ ದಿನವೂ ದುಡಿದವರ ಸದ್ದು ಗದ್ದಲವಾಗಿಯೇ ಕೇಳುತ್ತದೆ. ಮೂರನೆಯ ಮಹಡಿಗೆ ಏರದ ಕಲ್ಲು ಕ್ಯಾಸೆಟ್ಟಿನಲ್ಲಿ ಏರಿ ಬಂದಿತ್ತು. ಅದನ್ನು ಮೊಮ್ಮಗ ಒಂದು ಕ್ಲಿಕ್ಕಿನಲ್ಲಿ ಕೆಳಗಿಳಿಸಿದ್ದ. ಪುಣ್ಯಕ್ಕೆ ಮೂಲ ಕಡತ ಹಾಗೇ ಇತ್ತು. ಕಂಟ್ರೋಲ್-ಝಡ್ ಎಂಬ ಬೀಜಮಂತ್ರದಿಂದ ಜೋಳದ ಹಿಟ್ಟು ಮತ್ತೆ ಬೀಳತೊಡಗಿತು.

ಈ ಆಧಾರದ ಮೇಲೆ ಕೆಳಗಿನ ನಿರ್ಣಯ ಹೊರಡಿಸಲಾಗಿದೆ: ಕೆಮ್ಮು, ಕುಕ್ಕರು, ಉಗಿಬಂಡಿ, ‘ಏ ಬಾಗಲಾ ಹಾಕ’ ಎಂಬ ಕೂಗು, ರೆಕಾರ್ಡು ಆಗುತ್ತಿದೆಯೋ ಎಂದು ಮೈಕಿಗೆ ಊದಿದ ‘ಫೂ’, ಇವೆಲ್ಲ ಶಬ್ದದ್ರವ್ಯವೇ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟಿನ ಹಿಸ್ಸೆನ್ನುವ ಸದ್ದನ್ನು ಬೇಕಾದರೆ ತೆಗೆಯಿರಿ, ಅದರ ಪ್ರತಿ ಲೋಕದಲ್ಲಿ ಲಕ್ಷವಿವೆ. ಮನೆಯಲ್ಲಿ ತುಂಬಿದ್ದನ್ನು ತೊಳೆಯಕೂಡದು.

ಫಲಶ್ರುತಿ

ಈ ಗ್ರಂಥವನ್ನು ಓದಿದವರಿಗೆ ಪುತ್ರಪೌತ್ರಾಭಿವೃದ್ಧಿಯಾಗುವುದೆಂದು ಹೇಳಲಾರೆವು; ಇರುವ ಪೌತ್ರರು ಒಂದು ತಾಸು ಕೂರುವರೆಂಬ ಭರವಸೆಯೂ ಇಲ್ಲ. ಓದುಗರಲ್ಲಿ ವಿನಂತಿ ಇಷ್ಟೇ. ತಿದ್ದದ ಮೂಲ ಕಡತವನ್ನು ಎರಡು ಬೇರೆ ಬೇರೆ ಜಾಗದಲ್ಲಿ ಇಡಿ. ಒಂದು ಪೆನ್‌ಡ್ರೈವು ಒಂದು ದಿನ ಸಾಯುತ್ತದೆ. ಕ್ಯಾಸೆಟ್ಟನ್ನು ಇಳಿಸಿಕೊಂಡ ಮೇಲೂ ಎಸೆಯಬೇಡಿ. ಸ್ಪೀಕರು, ಟಿವಿಗಳ ಪಕ್ಕದಲ್ಲಿಡದೆ ಒಣಜಾಗದಲ್ಲಿಡಿ. ಎಲ್ಲಕ್ಕಿಂತ ಮುಂಚೆ, ಕ್ಯಾಸೆಟ್ಟಿನ ಮೇಲಂಚಿನ ಎರಡು ಮೂಲೆಗಳಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಚಕ್ಕೆಗಳನ್ನು ಸ್ಕ್ರೂ ಡ್ರೈವರಿನಿಂದ ಮುರಿದು ತೆಗೆಯಿರಿ. ಅವು ಹೋದರೆ ಆ ಕ್ಯಾಸೆಟ್ಟಿನ ಮೇಲೆ ಯಾರೂ ಕೈತಪ್ಪಿ ಇನ್ನೊಮ್ಮೆ ರೆಕಾರ್ಡು ಮಾಡಲಾರರು. ಹಳೆಯ ಟೇಪ್‌ರೆಕಾರ್ಡರುಗಳಲ್ಲಿ ಪ್ಲೇ ಗುಂಡಿಯ ಪಕ್ಕದಲ್ಲೇ ರೆಕಾರ್ಡಿನ ಕೆಂಪು ಗುಂಡಿ ಇರುತ್ತದೆ.